ನಮ್ಮನ್ನೂ ಹಾಜರಿ ಪುಸ್ತಕಕ್ಕೆ ಸೇರಿಸಿ

ಮೈಸೂರು ವಿಶ್ವವಿದ್ಯಾನಿಲಯದ ಮಾನ್ಯ ಕುಲಪತಿಗಳಿಗೆ, ಹಾಗೂ ಈ ಊರಿನ ಎಲ್ಲ ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರು ಪತ್ರ ಬರೆಯಲು ಕೂತರೆ ವಿಷಯಕ್ಕೆ ಬರುವ ಹೊತ್ತಿಗೆ ಓದುವವರಿಗೆ ತೂಕಡಿಕೆ ಬಂದಿರುತ್ತದೆ ಅನ್ನುವ ದೂರು ಇದೆ. ಸುಳ್ಳೇನಲ್ಲ. ಅದಕ್ಕೇ ಈಗಲೇ ಹೇಳುತ್ತೇನೆ: ಒಂದು ಸೆಮಿಸ್ಟರಿಗೆ ಒಂದು ಪತ್ರಿಕೆ, ಅಂದರೆ ಓದುವ ಒಂದು ಪೇಪರ್, ಮಾಡಿ. ತರಗತಿಯಲ್ಲಿ ಅರ್ಧ ಜನ ನಿಮ್ಮ ವಿದ್ಯಾರ್ಥಿಗಳು, ಅರ್ಧ ಜನ ಈ ಊರಿನ ಹಿರಿಯರು. ಇಬ್ಬರಿಗೂ ಹಾಜರಿ ಇರಲಿ, ಇಬ್ಬರಿಗೂ ಹೋಂವರ್ಕ್ ಇರಲಿ. ಅಂಕ ಹುಡುಗರಿಗೆ ಮಾತ್ರ ಸಾಕು. ನಮಗೆ ಅಂಕ ಬೇಡ, ಆದರೆ ತಡವಾಗಿ ಬಂದರೆ ಹೊರಗೆ ನಿಲ್ಲಿಸುವ ಅಧಿಕಾರ ಮೇಷ್ಟ್ರಿಗೆ ಇರಲಿ.

ನಾನು ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದವಳು. ಮಗ, ಸೊಸೆ ಹೊರದೇಶದಲ್ಲಿದ್ದಾರೆ. ಯಜಮಾನರು ಹೋದಮೇಲೆ ದೊಡ್ಡ ಮನೆ ಗುಡಿಸುವುದು ಸಾಕಾಗಿ, ನಾನೇ ಇಷ್ಟಪಟ್ಟು ಹಿರಿಯರ ವಸತಿಗೆ ಬಂದು ಸೇರಿದೆ. ಯಾರೂ ತಂದು ಬಿಟ್ಟಿದ್ದಲ್ಲ. ಇದನ್ನು ಯಾಕೆ ಹೇಳಬೇಕಾಯಿತು ಅಂದರೆ, ನಮ್ಮನ್ನು ನೋಡಲು ಬರುವ ವಿದ್ಯಾರ್ಥಿಗಳ ಮುಖದಲ್ಲಿ ಮೊದಲು ಕಾಣುವುದು 'ಅಯ್ಯೋ ಪಾಪ'.

ಅಕ್ಟೋಬರ್ 1 ಹಿರಿಯರ ದಿನ, ಮಾರನೇ ದಿನ ಗಾಂಧಿ ಜಯಂತಿ. ಆ ವಾರ ನಮ್ಮ ಗೇಟಿನ ಮುಂದೆ ಯಾವುದಾದರೂ ಕಾಲೇಜಿನ ಬಸ್ಸು ನಿಲ್ಲುವುದು ಗ್ಯಾರಂಟಿ. ಯಾವ ಕಾಲೇಜು ಅಂತ ಹೇಳುವುದಿಲ್ಲ, ಬರುವವರೆಲ್ಲ ಒಂದೇ ಥರ. ಮೊದಲು ಬ್ಯಾನರ್ ಇಳಿಯುತ್ತದೆ. ಆಮೇಲೆ ಒಬ್ಬೊಬ್ಬರ ಕೈಗೂ ಎರಡು ಬಾಳೆಹಣ್ಣು, ಒಂದು ಸೇಬು, ಒಂದು ಬ್ರೆಡ್ ಪ್ಯಾಕೆಟ್. ನಮ್ಮಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನು ಕೆಲವರಿಗೆ ಸೇಬು ಕಚ್ಚಲು ಹಲ್ಲಿಲ್ಲ. 'ಅಜ್ಜಿ, ಹಣ್ಣು ಕಾಣೋ ಹಾಗೆ ಸ್ವಲ್ಪ ಮೇಲಕ್ಕೆ ಹಿಡ್ಕೊಳ್ಳಿ' ಅಂತ ಫೋಟೋ ಹುಡುಗ. ಕೊನೆಗೆ ಒಬ್ಬರು ಎದ್ದು ಭಾಷಣ ಮಾಡುತ್ತಾರೆ: 'ಹೆತ್ತವರನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಮಹಾಪಾಪ.' ಅಲ್ಲೇ ಸೇರಿಕೊಂಡಿರುವ ನಾವು ಕೂತು ಚಪ್ಪಾಳೆ ಹೊಡೆಯಬೇಕು! ಒಂದು ಗಂಟೆಯಲ್ಲಿ ಬಸ್ಸು ಹೊರಟುಹೋಗುತ್ತದೆ. ಬಂದ ಹುಡುಗಿಯ ಹೆಸರು ನಮಗೆ ಗೊತ್ತಿಲ್ಲ, ನಮ್ಮ ಹೆಸರು ಅವಳಿಗೆ ಗೊತ್ತಿಲ್ಲ.

ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಮನಸ್ಸು ಒಳ್ಳೆಯದೇ. ಅವರಿಗೆ ಕೊಟ್ಟ ಕೆಲಸ ಅಷ್ಟೇ ಇದ್ದರೆ ಅವರೇನು ಮಾಡಿಯಾರು? ಸೇವೆ ಅಂತ ಬಂದರೆ ಒಬ್ಬರು ಕೊಡುವವರು, ಇನ್ನೊಬ್ಬರು ಕೈ ಚಾಚುವವರು ಆಗಿಬಿಡುತ್ತಾರೆ. ಕಲಿಯಲು ಬಂದರೆ ಹಾಗಲ್ಲ. ಅಲ್ಲಿ ಇಬ್ಬರಿಗೂ ಗೊತ್ತಿಲ್ಲದ್ದು ಏನೋ ಒಂದಿರುತ್ತದೆ.

ಇದು ಸುಮ್ನೆ ಕಲ್ಪನೆ ಅಲ್ಲ. ನಮ್ಮಲ್ಲಿ ಸಣ್ಣದಾಗಿ ಅದು ತನ್ನಷ್ಟಕ್ಕೆ ನಡೆದುಹೋಯಿತು. ನಮ್ಮ ಪಕ್ಕದ ಕಟ್ಟಡ ಒಂದು ಪಿ.ಜಿ. ಹಾಸ್ಟೆಲ್. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ಬದುಕಿದ್ದೇವೆ ಅಂತ ಸರ್ಕಾರಕ್ಕೆ ಪ್ರಮಾಣಪತ್ರ ಕೊಡಬೇಕಲ್ಲ, ಅದನ್ನು ಮೊಬೈಲಿನಲ್ಲೇ ಕೊಡುವ ಜೀವನ್ ಪ್ರಮಾಣ್ ಸೌಲಭ್ಯ 2014ರಲ್ಲೇ ಶುರುವಾಗಿದೆ. ಈಗ ಮುಖ ತೋರಿಸಿದರೂ ಸಾಕು. ಆದರೆ ಆ್ಯಪ್ ಕಣ್ಣು ಮಿಟುಕಿಸು ಅನ್ನುತ್ತದೆ. ಪೊರೆ ಆಪರೇಷನ್ ಆದವರು ಮಿಟುಕಿಸಿದ್ದು ಎಷ್ಟೋ ಸಲ ಅದಕ್ಕೆ ಗೊತ್ತಾಗುವುದಿಲ್ಲ. ಒಬ್ಬರು ತಾತ ಕಿಟಕಿ ಹತ್ತಿರ ಕೂತು, ಬೆಳಗಿನಿಂದ ಕಣ್ಣು ಮಿಟುಕಿಸಿ ಮಿಟುಕಿಸಿ ಸುಸ್ತಾಗಿದ್ದರು. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ಹುಡುಗಿ ತಡೆಯಲಾರದೆ ಒಳಗೆ ಬಂದಳು. 'ತಾತ, ಬೆಳಕು ನಿಮ್ಮ ಬೆನ್ನಿಗಿದೆ, ಈ ಕಡೆ ತಿರುಗಿ. ಕನ್ನಡಕ ತೆಗೀರಿ. ಈಗ ನಿಧಾನಕ್ಕೆ ಮುಚ್ಚಿ, ತೆಗೀರಿ.' ಆಯಿತು. ಸಂಜೆಯೊಳಗೆ ಅವಳ ಮುಂದೆ ನಮ್ಮೆಲ್ಲರ ಸಾಲು.

ಅವಳು ಗುಂಡ್ಲುಪೇಟೆ ಕಡೆಯವಳು, ಎಂ.ಸಿ.ಎ. ಓದುತ್ತಿದ್ದಳು. ಆಮೇಲೆ ಸಂಜೆ ಹೊತ್ತು ಪುಸ್ತಕ ತಂದು ನಮ್ಮ ಜಗಲಿಯಲ್ಲೇ ಕೂರುವುದು ರೂಢಿಯಾಯಿತು. ಹಾಸ್ಟೆಲಿನಲ್ಲಿ ಗಲಾಟೆಯಂತೆ. ಒಂದು ದಿನ ತಲೆ ಕೆರೆದುಕೊಂಡು ಕೂತಿದ್ದಳು. ಏನು ಪುಟ್ಟ ಅಂದೆ. 'ಕ್ಯೂ ಪಾಠ ಅಜ್ಜಿ, ನಾಳೆ ಇಂಟರ್ನಲ್ಸ್' ಅಂದಳು. ಕ್ಯೂ ಅಂದರೆ ರೇಷನ್ ಅಂಗಡಿ ಸಾಲೇನಮ್ಮ ಅಂತ ಕೇಳಿದೆ. ಹೆಚ್ಚು ಕಡಿಮೆ ಅದೇ, ಆದರೆ ಇದರಲ್ಲಿ ಯಾರು ಮುಖ್ಯವೋ ಅವರು ಮುಂದೆ ಹೋಗುತ್ತಾರೆ ಅಂದಳು. ನನಗೆ ನಗು ಬಂತು. ನಾನು ಎಷ್ಟೋ ವರ್ಷ ಸಂಬಳ ತಗೊಂಡಿದ್ದೇ ಆ ಕೆಲಸಕ್ಕೆ!

ಆಗೆಲ್ಲ ದೂರದ ಊರಿಗೆ ಮಾತಾಡಬೇಕೆಂದರೆ ಆಪರೇಟರ್ ಮೂಲಕ ಟ್ರಂಕ್ ಕಾಲ್. ನೀವು ಬುಕ್ ಮಾಡಿದರೆ ನಾವು ಒಂದು ಚೀಟಿ ಬರೆದು ಇಡುತ್ತಿದ್ದೆವು. ಆರ್ಡಿನರಿ ಕಾಲ್ ಇತ್ತು. ದುಡ್ಡು ಎರಡು ಪಟ್ಟು ಕೊಟ್ಟರೆ ಅರ್ಜೆಂಟ್, ಎಂಟು ಪಟ್ಟು ಕೊಟ್ಟರೆ ಲೈಟ್ನಿಂಗ್. ಲೈಟ್ನಿಂಗ್ ಚೀಟಿ ಬಂದರೆ ಉಳಿದದ್ದೆಲ್ಲ ಹಿಂದೆ ಸರಿಯಬೇಕು. ಇದನ್ನು ಹೇಳಿದ ಕೂಡಲೇ ಅವಳು ಕೇಳಿದ ಪ್ರಶ್ನೆ ನೋಡಿ: 'ಹಾಗಾದ್ರೆ ಲೈಟ್ನಿಂಗ್ ಬರ್ತಾನೇ ಇದ್ರೆ ಆರ್ಡಿನರಿಯವರ ಗತಿ ಏನು?' ಅಲ್ಲೇ ಇರುವುದು ಗುಟ್ಟು. ಮಗಳ ಹೆರಿಗೆ ಸುದ್ದಿಗೆ ಅಂತ ಬೆಳಗಿನಿಂದ ಕಾಯುತ್ತಿರುವ ಬಡವರ ಚೀಟಿ ತಳದಲ್ಲೇ ಉಳಿದುಬಿಡುತ್ತದೆ. ಪಳಗಿದ ಆಪರೇಟರ್ ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟಿರುತ್ತಾಳೆ. ಬಹಳ ಹೊತ್ತು ಕಾದ ಚೀಟಿಯನ್ನು ಸದ್ದಿಲ್ಲದೆ ಮೇಲಕ್ಕೆ ಸರಿಸುತ್ತಾಳೆ. ಅವಳು ಪುಸ್ತಕದ ಹಾಳೆ ತಿರುಗಿಸಿ ತೋರಿಸಿದಳು. ಕಂಪ್ಯೂಟರಿನಲ್ಲೂ ಅದೇ ಉಪಾಯವಂತೆ: ಕಾದಷ್ಟೂ ಸರದಿ ಮೇಲೇರುತ್ತಾ ಹೋಗುವುದು. ಪರೀಕ್ಷೆಯಲ್ಲಿ ಅವಳು ಟ್ರಂಕ್ ಕಾಲ್ ಉದಾಹರಣೆಯನ್ನೇ ಬರೆದು ಬಂದಳು. ಅಂಕ ಎಷ್ಟು ಬಂತು ಅಂತ ಕೇಳಬೇಡಿ, ಆ ಮೇಷ್ಟ್ರಿಗೆ ಟ್ರಂಕ್ ಕಾಲ್ ಗೊತ್ತಿರಲಿಲ್ಲ.

ಅವಳ ಹಿಂದೆಯೇ ಇನ್ನೂ ಇಬ್ಬರು ಮೂವರು ಬರತೊಡಗಿದರು. ಅದರಲ್ಲಿ ಒಬ್ಬ ಮಳವಳ್ಳಿ ಕಡೆಯ ಹುಡುಗ, ಭೂಗೋಳಶಾಸ್ತ್ರ ಎಂ.ಎ. ನಮ್ಮಲ್ಲಿ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಅಂದರೆ ಅವರಿಗೆ ಪ್ರಾಣ. ಆ ನಾಲೆ ಹಾದುಹೋಗುವ ಹುಲಿಕೆರೆ ಸುರಂಗದ ಕತೆಯನ್ನು ನಮಗೆಲ್ಲ ಬಾಯಿಪಾಠ ಆಗುವಷ್ಟು ಸಲ ಹೇಳಿದ್ದಾರೆ. ಹುಡುಗನ ಊರಿನ ಹೆಸರು ಕೇಳಿದ್ದೇ ತಡ, 'ಓ, ನಿಮ್ಮದು ಇಂಥ ಉಪನಾಲೆ, ನಿಮಗೆ ನೀರು ಬರಲೇಬೇಕು' ಅಂದರು. ಹುಡುಗ ತಣ್ಣಗೆ, 'ಬರಲೇಬೇಕು ಸಾರ್, ಆದ್ರೆ ಬರಲ್ಲ' ಅಂದ.

ಅವತ್ತಿನ ಜಗಳ ನೋಡಬೇಕಿತ್ತು. ಇವರು ನಕ್ಷೆ ಬರೆದರು. ಅವನು ಅದರ ಮೇಲೆಯೇ ಪೆನ್ಸಿಲಿನಲ್ಲಿ ಗೀಚಿದ: ಇಲ್ಲಿ ತೂಬು ಒಡೆದಿದ್ದಾರೆ, ಇಲ್ಲಿ ಹೂಳು, ಇಲ್ಲಿ ಮೇಲಿನೂರಿನವರು ಪಂಪು ಇಟ್ಟಿದ್ದಾರೆ, ಸರದಿ ಮೇಲೆ ಕಟ್ಟು ನೀರು ಬಿಟ್ಟಾಗ ನಮ್ಮ ಕೊನೆಗೆ ಬರುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ. ಎಂಜಿನಿಯರ್ ಮೊದಲು ಸಿಟ್ಟಾದರು. ಆಮೇಲೆ ಸುಮ್ಮನಾದರು. ಆಮೇಲೆ ಬ್ಲಾಕ್ ಪದ್ಧತಿಯ ವಿಷಯ ತೆಗೆದರು. ಒಂದು ಬ್ಲಾಕಿಗೆ ಭತ್ತ, ಒಂದಕ್ಕೆ ಕಬ್ಬು, ಒಂದಕ್ಕೆ ಕಡಿಮೆ ನೀರಿನ ಬೆಳೆ, ಅದು ಸರದಿ ಮೇಲೆ ತಿರುಗಬೇಕು ಅನ್ನುವ ವಿಶ್ವೇಶ್ವರಯ್ಯನವರ ಲೆಕ್ಕ. ಎಲ್ಲರೂ ಭತ್ತ, ಕಬ್ಬೇ ಹಾಕಿದರೆ ಆ ಲೆಕ್ಕದ ನಾಲೆ ಕೊನೆಯವರಿಗೆ ಎಲ್ಲಿಂದ ನೀರು ಕೊಟ್ಟೀತು? ಇದು ಹುಡುಗನಿಗೆ ಹೊಸದು. ಅವನಪ್ಪನಿಗೂ ಗೊತ್ತಿರಲಿಲ್ಲವಂತೆ. ಇವರಿಗೆ ಹೊಸದು ಪಂಪು ಮತ್ತು ಹೂಳು. ಈಗ ಅವನು ಕಿರುಪ್ರಬಂಧಕ್ಕೆ ಇದನ್ನೇ ಆರಿಸಿಕೊಂಡಿದ್ದಾನೆ. ಎಂಜಿನಿಯರ್ ತಾವೇ ಮಾರ್ಗದರ್ಶಕರು ಅಂದುಕೊಂಡು ದಿನಾ ಪೀಡಿಸುತ್ತಾರೆ.

ಇಂಥದ್ದು ಹಣ್ಣು ಹಂಚಲು ಬಂದ ಒಂದು ಗಂಟೆಯಲ್ಲಿ ಆಗುವುದಿಲ್ಲ. ಅದೇ ಇಬ್ಬರು, ವಾರ ವಾರ, ಎದುರುಬದುರು ಕೂರಬೇಕು.

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಅಂತ ಕರೆಯುತ್ತಾರೆ. ಆ ಸ್ವರ್ಗದಲ್ಲಿ ಯಾರು ಯಾರು ಇದ್ದಾರೆ ನೋಡಿ. ರೈಲ್ವೆ ವರ್ಕ್‌ಶಾಪಿನವರು ಇದ್ದಾರೆ. 1996ರಲ್ಲಿ ಮುಚ್ಚಿದ ಮೋಟಾರ್ ಸೈಕಲ್ ಕಾರ್ಖಾನೆ ಐಡಿಯಲ್ ಜಾವಾದಲ್ಲಿ ಎಂಜಿನ್ ಜೋಡಿಸಿದವರು ಇದ್ದಾರೆ. ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ನಿಂತವರು, ಆಹಾರ ಸಂಶೋಧನೆಯ ಸಂಸ್ಥೆ ಸಿ.ಎಫ್‌.ಟಿ.ಆರ್‌.ಐ.ನಲ್ಲಿ ಪ್ರಯೋಗ ಮಾಡಿದವರು, ಚುನಾವಣೆಯ ಅಳಿಸಲಾಗದ ಶಾಯಿ ತಯಾರಾಗುವ ಬಣ್ಣದ ಕಾರ್ಖಾನೆಯವರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಒಂದು ಸುತ್ತು ಬಂದರೆ ಒಂದು ಕಾಲೇಜಿಗೆ ಆಗುವಷ್ಟು ಮೇಷ್ಟ್ರು ಸಿಗುತ್ತಾರೆ. ಆ ಏರಿಯ ಪಕ್ಕದಲ್ಲೇ ನಿಮ್ಮ ಮಾನಸಗಂಗೋತ್ರಿ ಕ್ಯಾಂಪಸ್ಸು. ನಡುವೆ ಒಂದು ಬೇಲಿ ಅಷ್ಟೇ.

ಇದೇನು ನಿಮಗೆ ಪರದೇಶದ ಪದ್ಧತಿ ಅಲ್ಲ. 1916ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾನಿಲಯ ಮೊದಲಿಂದಲೂ ಗೋಡೆ ದಾಟುತ್ತಲೇ ಬಂದಿದೆ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟು, ಅದನ್ನು ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಹಂಚಿದರು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿದರು, ಅದಕ್ಕೆ ಆಕಾಶವಾಣಿ ಅನ್ನುವ ಹೆಸರೂ ಇತ್ತು. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನು ನೆನಪಿಸಿಕೊಳ್ಳಿ. ನಿಮ್ಮ ಜಾನಪದ ವಿಭಾಗದವರು ಹಳ್ಳಿ ಅಜ್ಜಿಯರ ಬಾಯಿಂದ ಹಾಡು, ಕತೆ ಬರೆದುಕೊಂಡು ಬಂದವರು. ಓದು ಬರಹ ಬಾರದ ಅಜ್ಜಿಯನ್ನು ಗುರು ಅಂತ ಒಪ್ಪಿಕೊಂಡ ವಿಶ್ವವಿದ್ಯಾನಿಲಯಕ್ಕೆ ನಿವೃತ್ತ ಫಿಟ್ಟರ್ ಒಬ್ಬನನ್ನು ಒಪ್ಪಿಕೊಳ್ಳುವುದು ಕಷ್ಟವಾ?

ಹೊರಗಡೆ ಹೇಗೆ ಮಾಡಿದ್ದಾರೆ ಅಂತಲೂ ನಮ್ಮ ಹುಡುಗಿ ಹುಡುಕಿ ತೋರಿಸಿದಳು. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ಅನ್ನುವ ಹಿರಿಯರ ಮನೆಯಲ್ಲಿ ವಿದ್ಯಾರ್ಥಿಗಳು ಬಾಡಿಗೆ ಇಲ್ಲದೆ ಇರುತ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಾಗಿ ಇರಬೇಕು, ಅಷ್ಟೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಲಸೆಲ್ ವಿಲೇಜ್ ಅಂತಿದೆ, ಕಾಲೇಜಿನ ಅಂಗಳದಲ್ಲೇ. ಅಲ್ಲಿ ಇರಬೇಕಾದರೆ ಹಿರಿಯರು ವರ್ಷಕ್ಕೆ 450 ಗಂಟೆ ಕಲಿಕೆ, ವ್ಯಾಯಾಮ ಅಂತ ಲೆಕ್ಕ ಕೊಡಬೇಕು. ಇದನ್ನು ಕೇಳಿ ನಮ್ಮಲ್ಲಿ ಕೆಲವರು ಮೈಸೂರೇ ವಾಸಿ ಅಂದರು! ಅರಿಜೋನಾ ವಿಶ್ವವಿದ್ಯಾನಿಲಯವೊಂದರ ಅಂಗಳದಲ್ಲಿ 2020ರ ಕೊನೆಗೆ ಮಿರಬೆಲ್ಲಾ ಅನ್ನುವ ಇಂಥದ್ದೇ ಬಹುಮಹಡಿ ಮನೆ ತೆರೆದರು. ಹಿರಿಯರು ತರಗತಿಗೆ ಹೋಗಿ ಕೂರಬಹುದು. ಆದರೆ ಪಕ್ಕದ ಸಂಗೀತದ ಜಾಗದಲ್ಲಿ ರಾತ್ರಿ ಸದ್ದು ಜಾಸ್ತಿ ಅಂತ ಅವರು ಕೋರ್ಟಿಗೂ ಹೋದರು. ಎಲ್ಲ ಕಡೆ ಹಾಲು ಜೇನು ಅಲ್ಲ ಅನ್ನುವುದಕ್ಕೆ ಇದನ್ನೂ ಹೇಳಿದೆ. ನಮಗೆ ಕಟ್ಟಡ ಬೇಡ. ಒಂದು ಕೋಣೆ, ಒಂದು ವೇಳಾಪಟ್ಟಿ ಸಾಕು.

ಹುಡುಗರಿಗೆ ಪುರುಸೊತ್ತು ಎಲ್ಲಿ ಅಂತ ನೀವು ಕೇಳಬಹುದು. ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಕೊಡಬೇಕು ಅನ್ನುವ ನಿಯಮ ಈಗಾಗಲೇ ಇದೆ. ಆ ಗಂಟೆಗಳಲ್ಲಿ ಒಂದಿಷ್ಟನ್ನು ಇತ್ತ ತಿರುಗಿಸಿ. ಇಲ್ಲವೇ ಎರಡು ಕ್ರೆಡಿಟ್ ಪತ್ರಿಕೆ ಮಾಡಿ. ಅಂಕ ಇಲ್ಲದೆ ಕೆಲಸ ನಡೆಯುವುದಿಲ್ಲ ಅಂತ ನಾನು ಹುಡುಗರನ್ನು ಬೈಯುವುದಿಲ್ಲ. ಸಂಬಳ ಇಲ್ಲದೆ ನಾನೂ ಟೆಲಿಫೋನ್ ಬೋರ್ಡಿನ ಮುಂದೆ ಕೂತಿರಲಿಲ್ಲ.

'ನಿಮಗೆ ಮುಕ್ತ ವಿಶ್ವವಿದ್ಯಾನಿಲಯ ಇದೆಯಲ್ಲ, ವಯಸ್ಸಿನ ಮಿತಿ ಇಲ್ಲ, ಸೇರಿ' ಅನ್ನುವವರೂ ಇದ್ದಾರೆ. ಸೇರಿದವರೂ ಇದ್ದಾರೆ, ಒಳ್ಳೆಯದೇ. ಆದರೆ ಅಂಚೆಯಲ್ಲಿ ಬಂದ ಪಾಠಪುಸ್ತಕ ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಇನ್ನು ನಮ್ಮ ಕಡೆಯ ತಪ್ಪುಗಳು. ಇದನ್ನು ಹೇಳದಿದ್ದರೆ ಪತ್ರ ಏಕಪಕ್ಷೀಯ ಆಗುತ್ತದೆ. ನಮ್ಮವರು ಮೊದಲ ದಿನವೇ 'ನಿಮ್ಮದು ಯಾವ ಪೈಕಿ?' ಅಂತ ಕೇಳುತ್ತಾರೆ. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ, ಅಥವಾ ಗೊತ್ತಿದ್ದೇ ಕೇಳುತ್ತಾರೆ. ದುಡ್ಡು ಕೊಟ್ಟು ಇರುವ ನಮ್ಮಂಥ ಮನೆಗಳಲ್ಲಿ ಯಾರು ಇರುತ್ತಾರೆ, ಹಾಸ್ಟೆಲಿನಲ್ಲಿ ಯಾರು ಇರುತ್ತಾರೆ, ನಿಮಗೂ ಗೊತ್ತು. ಆಮೇಲೆ 'ಮದುವೆ ಯಾವಾಗ?' ಆಮೇಲೆ 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ.' ಹುಡುಗಿಯರ ಬಟ್ಟೆ ಬಗ್ಗೆ ಒಂದು ಮಾತು. ಆದ್ದರಿಂದ ಮೊದಲ ತರಗತಿ ಹಿರಿಯರಿಗೆ ಮಾತ್ರ ಇಡಿ. ಏನು ಕೇಳಬಾರದು ಅಂತ ಅಲ್ಲೇ ಹೇಳಿಬಿಡಿ. ಕೇಳದೆ ಇರಲಾರದವರು ವಾಕಿಂಗ್ ಹೋಗಲಿ.

ಹುಡುಗರಿಗೂ ಒಂದು ಪಾಠ ಬೇಕು, ಕಿವಿಯದು. ವಯಸ್ಸಾದಂತೆ ಮೊದಲು ಹೋಗುವುದು ತೆಳ್ಳನೆಯ ಸದ್ದು. ಸ, ಶ, ತ ಇಂಥ ಅಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗೆ ಕೇಳುತ್ತವೆ. ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಏನು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೆ ಕಿರುಚಿದರೆ ಪ್ರಯೋಜನ ಇಲ್ಲ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು. ನಿಮ್ಮ ಅಂಗಳದಲ್ಲೇ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ಕಲಿಯಲು ಬರುತ್ತಾರೆ. ಅವರ ವಿದ್ಯಾರ್ಥಿಗಳನ್ನೂ ಈ ತರಗತಿಗೆ ಕರೆಯಿರಿ. ಅವರಿಗೆ ಕನ್ನಡ ಮಾತಾಡುವ ಅಭ್ಯಾಸ ಆಗುತ್ತದೆ, ನಮ್ಮಲ್ಲಿ ಡ್ರಾಯರಿನೊಳಗೆ ಮಲಗಿರುವ ಹಿಯರಿಂಗ್ ಏಡುಗಳಿಗೆ ಮೋಕ್ಷ ಸಿಗುತ್ತದೆ.

ಇದರಿಂದ ಹುಡುಗರಿಗೆ ಏನು ಲಾಭ ಅನ್ನುವವರಿಗೆ ಒಂದು ಮಾತು. ಯೇಲ್ ವಿಶ್ವವಿದ್ಯಾನಿಲಯದ ಬೆಕಾ ಲೆವಿ ಮತ್ತು ಜೊತೆಯವರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು, ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಅದರಲ್ಲಿ ಕಂಡಿತು. ನನಗೆ ಇನ್ನು ಏಳೂವರೆ ವರ್ಷ ಬೇಕು ಅಂತ ಹಟ ಇಲ್ಲ. ಆದರೆ ಮುಪ್ಪು ಅಂದರೆ ಅಯ್ಯೋ ಪಾಪ ಅನ್ನುವ ಭಾವನೆ ಇಪ್ಪತ್ತರಲ್ಲೇ ಬೇರು ಬಿಟ್ಟರೆ, ಅದು ನಾಳೆ ಆ ಮಕ್ಕಳಿಗೇ ತಿರುಗುತ್ತದೆ ಅಲ್ವಾ?

ನಮಗಾದ ಲಾಭವಂತೂ ಕಣ್ಣಿಗೆ ಕಾಣುವಂಥದ್ದು. 'ಡಿಜಿಟಲ್ ಅರೆಸ್ಟ್' ಅಂತ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಹಿರಿಯರ ಜೀವಮಾನದ ಉಳಿತಾಯ ದೋಚುವವರು ಇದ್ದಾರಲ್ಲ, ನಮ್ಮಲ್ಲಿ ಒಬ್ಬರಿಗೂ ಅಂಥ ಕರೆ ಬಂತು. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ, ಫೋನ್ ಕೆಳಗಿಟ್ಟು 1930ಕ್ಕೆ ಹೇಳಿ ಅಂತ ಆ ಹುಡುಗಿ ಹಿಂದಿನ ವಾರವಷ್ಟೇ ಪಾಠ ಮಾಡಿದ್ದಳು. ಅವರು ಹಾಗೇ ಮಾಡಿದರು. ಇಂಥ ಎಚ್ಚರಿಕೆ ಬ್ಯಾಂಕಿನ ಗೋಡೆಯ ಮೇಲೂ ಇದೆ, ಟಿ.ವಿ.ಯಲ್ಲೂ ಬರುತ್ತದೆ. ತಲೆಗೆ ಹೋಗಿದ್ದು ಮಾತ್ರ ಪರಿಚಯದ ಹುಡುಗಿ ಪಕ್ಕ ಕೂತು ಹೇಳಿದ್ದು.

ಇನ್ನೊಂದು ಮುಖ್ಯ ವಿಷಯ. ಇದು ದುಡ್ಡು ಕಟ್ಟಿ ಇರುವವರ ಮನೆಗಳಿಗೆ ಮಾತ್ರ ಆಗಬಾರದು. ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೊಂದಾದರೂ ಬಡ ಹಿರಿಯರಿಗೆ, ಕನಿಷ್ಠ 150 ಜನ ಇರುವಂಥ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಅನ್ನುತ್ತದೆ. ಉಚಿತ ಆಶ್ರಮಗಳಲ್ಲಿ ಗಾರೆ ಕೆಲಸದವರು, ಅಡುಗೆಯವರು, ಜಟಕಾ ಓಡಿಸಿದವರು ಇದ್ದಾರೆ. ಅವರಿಂದ ಕಲಿಯುವುದು ನಮ್ಮಿಂದ ಕಲಿಯುವುದಕ್ಕಿಂತ ಜಾಸ್ತಿಯೇ ಇದ್ದೀತು. ಸರಸ್ವತಿಪುರಂ, ಕುವೆಂಪುನಗರದ ಮನೆಗಳಲ್ಲಿ ಒಂಟಿಯಾಗಿ, ಗೇಟಿಗೆ ಎರಡೆರಡು ಬೀಗ ಹಾಕಿಕೊಂಡು ಇರುವವರನ್ನೂ ಬಿಡಬೇಡಿ. ಅಂಥವರ ಮನೆಗೆ ಹುಡುಗರನ್ನು ನೇರವಾಗಿ ಕಳಿಸುವುದು ಸರಿಯಲ್ಲ, ಎರಡೂ ಕಡೆಯ ಸುರಕ್ಷತೆ ನೋಡಬೇಕು. ಅವರೇ ಕ್ಯಾಂಪಸ್ಸಿಗೆ ಬರಲಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಗಂಡಸರು ಟಿಕೆಟ್ ತಗೊಳ್ಳಲಿ, ಪಿಂಚಣಿ ಬರುತ್ತಲ್ಲ.

ತರಗತಿ ನೆಲಮಹಡಿಯಲ್ಲಿ ಇರಲಿ. ಹತ್ತಿರ ಶೌಚಾಲಯ ಇರಲಿ, ಅದಕ್ಕೆ ಬೀಗ ಇರದಿರಲಿ. ಬೆಂಚಿಗೆ ಒರಗು ಬೇಕು. ಮೊದಲ ಸಲ ಇಪ್ಪತ್ತು ಹುಡುಗರು, ಇಪ್ಪತ್ತು ಹಿರಿಯರು ಸಾಕು. ಯಾರಿಗೆ ಯಾರು ಜೋಡಿ ಅನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡಿ. ಇಷ್ಟಬಂದವರನ್ನು ಆರಿಸಿಕೊಳ್ಳಿ ಅಂದರೆ ಎಲ್ಲರೂ ಮೇಷ್ಟ್ರಾಗಿದ್ದವರನ್ನೇ ಹಿಡಿಯುತ್ತಾರೆ. ಸೆಮಿಸ್ಟರಿನ ಕೊನೆಗೆ ಇಬ್ಬರೂ ಸೇರಿ ಒಂದು ವರದಿ ಬರೆಯಲಿ, ಅದರಲ್ಲಿ 'ನಾನು ಇವರಿಂದ ಕಲಿತದ್ದು' ಅನ್ನುವ ಭಾಗವನ್ನು ಹಿರಿಯರೂ ಬರೆಯಲೇಬೇಕು. ನಮ್ಮ ಎಂಜಿನಿಯರ್ ಈಗಾಗಲೇ ಬರೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ.

ನಮ್ಮ ಕಡೆಯಿಂದ ಬರಲು ಒಪ್ಪಿದವರ ಪಟ್ಟಿ ಸಿದ್ಧ ಇದೆ. ಮಾತಾಡಲು ನಿಮ್ಮ ಕಡೆಯಿಂದ ಒಬ್ಬ ಮೇಷ್ಟ್ರನ್ನು ಕಳಿಸಿಕೊಡಿ. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಮಾತ್ರ ಬೇಡ, ಎಲ್ಲರೂ ಮಲಗಿರುತ್ತೇವೆ.

ಇಂತಿ,
ಮೈಸೂರಿನ ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್